ಎರಡೆಳೆ ಫ್ಯೂಸು

ಮದ್ದೂರಿನ ಸುತ್ತಮುತ್ತ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಜನ ಮೊದಲು ಕರೆಂಟನ್ನು ಬೈಯುತ್ತಾರೆ, ಆಮೇಲೆ ಮೋಟಾರು ಹೊತ್ತುಕೊಂಡು ಯತೀಶನ ಅಂಗಡಿಗೆ ಬರುತ್ತಾರೆ. ಬಸರಾಳಿನಿಂದ ಬಂದು ಅವನು ಇಲ್ಲಿ ಅಂಗಡಿ ಹಾಕಿ ಹದಿನಾರು ವರ್ಷವಾಯಿತು. ಸುಟ್ಟ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವನ ಕಸುಬು. ಬಂದವರನ್ನು ಬೈಯುವುದು ಅದರ ಜೊತೆಗೆ ಪುಕ್ಕಟೆ.

"ಫ್ಯೂಸಿಗೆ ಎರಡೆಳೆ ಕಟ್ಟಿದ್ರಾ?" ಎಂದು ಕಳೆದ ತಿಂಗಳು ಮುದುಕ ಕೆಂಪಯ್ಯನನ್ನು ಕೇಳಿದ.

"ಒಂದೆಳೆ ನಿಲ್ಲಾಕಿಲ್ಲ ಕಣಪ್ಪ. ಮಾತೆತ್ತುದ್ರೆ ಓಯ್ತದೆ."

"ಅದಿರಾದೇ ಸಾಯಕ್ಕೆ ಕಣ್ ಗೌಡ್ರೇ. ಅದ ಸಾಯಕ್ಕೆ ಬುಡ್ದಿದ್ರೆ ಮೋಟ್ರು ಸಾಯ್ತದೆ."

ಊರಿಗೆಲ್ಲ ಇಷ್ಟು ಬುದ್ಧಿ ಹೇಳುವ ಈ ಮಹಾಶಯ ತನ್ನ ಮನೆಯಲ್ಲಿ ಮಾಡಿದ್ದು ಅದೇ ಕೆಲಸ.

ಅವನ ಮಗಳು ಗಗನಳಿಗೆ ಏಳು ವರ್ಷ. ಮಾತು ಬಂದಿಲ್ಲ, ಕರೆದರೆ ತಿರುಗುವುದಿಲ್ಲ, ತಟ್ಟೆ ಕಂಡರೆ ಬಾಯಿ ಬಿಗಿಯುತ್ತಾಳೆ. ಮೈಸೂರಿನ ಹಳೇ ಸಾಮಾನಿನ ಅಂಗಡಿಯೊಂದರಿಂದ ಅವನು ತಂದ ಆಟದ ರೈಲು ಓಡಿದರೆ ಮಾತ್ರ ಊಟ. ಹಲಗೆಯ ಮೇಲೆ ಗುಂಡಗೆ ಜೋಡಿಸಿದ ಹಳಿ, ಹಳಿಯಲ್ಲೇ ಹರಿಯುವ ಹನ್ನೆರಡು ವೋಲ್ಟು, ಬೆರಳುದ್ದದ ಎಂಜಿನ್ನು. ರೈಲು ಒಂದು ಸುತ್ತು ಬಂದರೆ ಗಗನ ಬಾಯಿ ತೆರೆಯುತ್ತಿದ್ದಳು, ಅವಳಮ್ಮ ದೀಪಿಕ ಒಂದು ತುತ್ತು ಮೊಸರನ್ನ ಇಡುತ್ತಿದ್ದಳು.

ತೊಂದರೆ ಎಂದರೆ, ಕೈಗೆ ಸಿಕ್ಕಿದ ಚಮಚವನ್ನು ಹಳಿಗಳ ಮೇಲೆ ಅಡ್ಡ ಇಡುವ ಚಾಳಿ ಅವಳಿಗೆ. ಎರಡು ಹಳಿ ಕೂಡಿದರೆ ಶಾರ್ಟು. ಫ್ಯೂಸು ಹೋಗುತ್ತದೆ, ರೈಲು ನಿಲ್ಲುತ್ತದೆ, ಗಗನ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾಳೆ. ಆ ಸದ್ದು ಕೇಳಲಾರದೆ ಯತೀಶ ಒಂದು ದಿನ ಫ್ಯೂಸಿಗೆ ಎರಡೆಳೆ ಕಟ್ಟಿಬಿಟ್ಟ. ಮರುವಾರ ಅವಳು ಚಮಚ ಇಟ್ಟಾಗ ಹತ್ತಿರ ಯಾರೂ ಇರಲಿಲ್ಲ. ರೈಲಿಗೆ ಕರೆಂಟು ಇಳಿಸಿ ಕೊಡುವ ಪುಟ್ಟ ಟ್ರಾನ್ಸ್‌ಫಾರ್ಮರ್ ಸುಟ್ಟು ಮನೆಯೆಲ್ಲ ಹೊಗೆಯಾಯಿತು.

ಅಂದಿನಿಂದ ಎರಡು ದಿನ ಗಗನ ಏನೂ ತಿಂದಿರಲಿಲ್ಲ. ಹಾಲು ಕುಡಿಸಿದರೆ ಉಗಿಯುತ್ತಿದ್ದಳು. ನಾಳೆಯೊಳಗೆ ತಿನ್ನದಿದ್ದರೆ ಅಡ್ಮಿಟ್ ಮಾಡಿ, ಮೂಗಿನಲ್ಲಿ ಪೈಪು ಹಾಕೋಣ ಎಂದರು ಮಂಡ್ಯದ ಡಾಕ್ಟರು. ಮೈ ಮುಟ್ಟಿದರೆ ಕಿರುಚುವ ಮಗುವಿಗೆ ಪೈಪು ಹಾಕಬೇಕಾದರೆ ಕೈಕಾಲು ಕಟ್ಟಬೇಕು. ಅದನ್ನು ನೆನೆದರೆ ಯತೀಶನಿಗೆ ಎರಡೆಳೆ ಕಟ್ಟಿದ ತನ್ನ ಕೈಯನ್ನೇ ಕಡಿದು ಹಾಕಬೇಕು ಅನ್ನಿಸುತ್ತಿತ್ತು.

ಅಂಗಡಿಯ ಷಟರ್ ಅರ್ಧ ಎಳೆದು, ಬಂದ ಗಿರಾಕಿಗಳನ್ನು ವಾಪಸ್ ಕಳಿಸಿ, ಟ್ರಾನ್ಸ್‌ಫಾರ್ಮರನ್ನು ಹೊಸದಾಗಿ ಸುತ್ತಿದ. ಸಾವಿರ ಮೋಟಾರು ಸುತ್ತಿದ ಕೈಯಲ್ಲೇ ಎರಡು ಸಲ ತಂತಿ ಹರಿಯಿತು. ಈ ಸಲ ಒಂದೇ ಎಳೆ ಫ್ಯೂಸು. ಅದರ ಜೊತೆಗೆ, ಹಳಿಗೆ ಹೋಗುವ ತಂತಿಯ ನಡುವೆ ಸ್ಕೂಟರಿನ ಬಲ್ಬೊಂದನ್ನು ಸೇರಿಸಿದ. ರೈಲು ಓಡುವಾಗ ಬಲ್ಬು ಹತ್ತುವುದಿಲ್ಲ. ಹಳಿ ಶಾರ್ಟಾದರೆ ಭಾರವೆಲ್ಲ ತಾನೇ ಹೊತ್ತು ಉರಿಯುತ್ತದೆ, ಮಿಕ್ಕಿದ್ದೆಲ್ಲ ಉಳಿಯುತ್ತದೆ.

ಮಧ್ಯಾಹ್ನ ಮನೆಯಲ್ಲಿ ರೈಲು ಓಡಿತು. ದೀಪಿಕ ತುತ್ತು ಹಿಡಿದು ಕಾದಳು. ಒಂದು ಸುತ್ತು, ಎರಡು, ಐದು. ಗಗನ ಬಾಯಿ ತೆರೆಯುವುದಿರಲಿ, ರೈಲಿನ ಕಡೆ ನೋಡಲೂ ಇಲ್ಲ.

"ಮಗು ಕೈ ಬುಟ್ಟೋಯ್ತದೆ ಕಣ್ರೀ," ಎಂದು ದೀಪಿಕ ಅತ್ತಳು.

"ಸುಮ್ಕಿರು," ಎಂದ ಯತೀಶ. ಅವನಿಗೆ ಗೊತ್ತಿದ್ದ ವಿದ್ಯೆಯೆಲ್ಲ ಅಲ್ಲಿಗೆ ಮುಗಿದಿತ್ತು.

ಅಷ್ಟರಲ್ಲಿ ಗಗನ ಚಮಚ ಎತ್ತಿ ಹಳಿಗೆ ಅಡ್ಡ ಇಟ್ಟಳು. ರೈಲು ನಿಂತಿತು, ಬಲ್ಬು ಝಗ್ಗನೆ ಹತ್ತಿತು. ಯತೀಶ ರೇಗಿ ಚಮಚ ಕಿತ್ತುಕೊಂಡ. ಮಗು ಕಿಟಾರನೆ ಕಿರುಚಿತು.

"ತಗೀಬ್ಯಾಡಿ! ಬಲ್ಬು ನೋಡ್ತಾವ್ಳೆ. ಈಗ ಬಾಯಿ ಬುಟ್ಟಿದ್ಲು ಕಣ್ರೀ, ನಾನೇ ನೋಡ್ದೆ!"

ಯತೀಶ ಚಮಚವನ್ನು ಮತ್ತೆ ಹಳಿಗಳ ಮೇಲೆ ಒತ್ತಿದ. ಬಲ್ಬು ಹತ್ತಿತು. ಗಗನ ಬಾಯಿ ತೆರೆದಳು, ದೀಪಿಕ ತುತ್ತಿಟ್ಟಳು, ಮಗು ನುಂಗಿತು. ಇನ್ನೊಂದು. ಮತ್ತೊಂದು. ಅವನ ಬೆರಳು ಸ್ವಲ್ಪ ಜಾರಿದರೂ ಬಲ್ಬು ಮಿಣುಕುತ್ತಿತ್ತು, ರೈಲು ಗಕ್ಕನೆ ಮುಂದೆ ಹೋಗುತ್ತಿತ್ತು, ಬಾಯಿ ಮುಚ್ಚುತ್ತಿತ್ತು. ಹದಿನಾರು ವರ್ಷ ಊರಿನ ಶಾರ್ಟುಗಳನ್ನೆಲ್ಲ ಬಿಡಿಸಿದ ಮನುಷ್ಯ, ಮಂಡಿಯೂರಿ, ಉಸಿರು ಬಿಗಿಹಿಡಿದು, ಒಂದು ಶಾರ್ಟನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ.

"ಅಳ್ಳಾಡಿಸ್ಬ್ಯಾಡಿ," ಎಂದು ದೀಪಿಕ ಇನ್ನೊಂದು ತುತ್ತು ಕಲಸಿದಳು.