ಚರಂಡಿಯಲ್ಲಿ ಕಂಡ ನೊರೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಲೋಳೆ ಅಕ್ಕ ಎಂದು. ಅವಳಿಗೇನೂ ಬೇಸರವಿಲ್ಲ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ: ಯಂತ್ರಗಳ ಬಿಸಿ ಇಳಿಸುವ ನೀರಿನಲ್ಲಿ ಲೋಳೆ ಬೆಳೆಯದಂತೆ ಔಷಧಿ ಹಾಕುವುದು. ಆ ನೀರು ತಣಿಯುವ ಕೂಲಿಂಗ್ ಟವರಿನ ಹಲಗೆಯ ಮೇಲೆ ಬೆರಳಾಡಿಸಿ, ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಬಂದಿದಾನೆ ಕಳ್ಳ" ಎಂದಳೆಂದರೆ ಮುಗಿಯಿತು, ಕಳ್ಳ ಬಂದೇ ಇರುತ್ತಿದ್ದ. ಮನೆಯಲ್ಲೂ ಬಚ್ಚಲ ಬಕೆಟ್ಟನ್ನು ಸವರಿ ನೋಡದೆ ಸ್ನಾನ ಮಾಡಿದವಳಲ್ಲ. "ನಿನ್ನನ್ನ ಕಟ್ಕೊಂಡು ನಾನೂ ಒಂದು ಪೈಪ್ ಆಗ್ಬಿಟ್ಟೆ ಕಣೆ" ಎಂದು ಗಂಡ ರೇಗಿಸುತ್ತಾನೆ.

ಅಂಥವಳಿಗೆ ಮೂರು ವಾರದಿಂದ ನೆಮ್ಮದಿಯಿಲ್ಲ. ಔಷಧಿ ಹಾಕಿದಷ್ಟೂ ಲೋಳೆ ಹೆಚ್ಚುತ್ತಿತ್ತು. ಪೈಪುಗಳ ಒಳಗೆ ಪದರ ಕಟ್ಟಿ ಯಂತ್ರಗಳು ಕಾಯತೊಡಗಿದ್ದವು. ಹೊಸ ಎಂಜಿನಿಯರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಶನಿವಾರದೊಳಗೆ ಸರಿ ಹೋಗ್ಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ನೀವು ಸ್ಟೋರ್ ರೂಮಿಗೆ ಹೋಗಿ." ಸ್ಟೋರ್ ರೂಮಿನಲ್ಲಿ ಕೂತು ಬೋಲ್ಟು ಕೊಡುವುದಂತೆ!

ಬುಧವಾರ ಬೆಳಿಗ್ಗೆ ಏಳೂವರೆಗೆ ಔಷಧಿ ಸುರಿದು, ಎಂಟು ದಾಟಿದ ಮೇಲೆ ಟೀ ಲೋಟ ಹಿಡಿದು ಹಿಂದಿನ ಗೋಡೆಯ ಕಡೆ ಹೋದಳು. ಚರಂಡಿಯ ತುಂಬ ಬೆಳ್ಳನೆಯ ನೊರೆ! ಇಡೀ ಕಾರ್ಖಾನೆಯಲ್ಲಿ ಹೀಗೆ ನೊರೆ ಕಟ್ಟುವುದು ಅವಳ ಔಷಧಿ ಮಾತ್ರ. ಹಳೆಯ ನೀರನ್ನು ಹೊರಹಾಕುವ ವಾಲ್ವ್ ದಿನವೂ ಬೆಳಿಗ್ಗೆ ಎಂಟಕ್ಕೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಮೊದಲೆಲ್ಲ ಅವಳು ಔಷಧಿ ಹಾಕುತ್ತಿದ್ದುದು ಸಂಜೆ. ಅದನ್ನು ಬೆಳಿಗ್ಗೆಗೆ ಬದಲಾಯಿಸಿದ್ದು ಮೂರು ವಾರದ ಹಿಂದೆ, ಅದೂ ಅವಳೇ, ವಾಲ್ವಿನ ನೆನಪೇ ಇಲ್ಲದೆ! ಲೋಳೆಯನ್ನು ಸರಿಯಾಗಿ ಮುಟ್ಟುವ ಮೊದಲೇ ಔಷಧಿಯೆಲ್ಲ ಚರಂಡಿ ಪಾಲಾಗುತ್ತಿತ್ತು.

ಲೋಟ ಅಲ್ಲೇ ಇಟ್ಟು ಓಡಿದಳು. ಮೀಟಿಂಗ್ ನಡೆಯುತ್ತಿದ್ದ ಕೋಣೆಗೆ ನುಗ್ಗಿ, "ಸಾರ್, ಸಿಕ್ತು! ತಪ್ಪು ನಂದೇ!" ಎಂದು ಕೂಗಿದಳು. ಬಹುಮಾನ ಗೆದ್ದವಳ ಹಾಗೆ ಮುಖ ಅರಳಿತ್ತು.

ಅಂದು ಸಂಜೆ ವಾಲ್ವ್ ಬಂದ್ ಮಾಡಿಸಿ ಹೊಸದಾಗಿ ಔಷಧಿ ಹಾಕಿದಳು. ಶುಕ್ರವಾರ ಲೋಳೆ ಕಿತ್ತುಕೊಂಡು ಬಂದು ನೀರು ಸೋಸುವ ಜಾಲರಿಯಲ್ಲಿ ರಾಶಿ ಬಿತ್ತು. ಬಕೆಟ್ಟುಗಟ್ಟಲೆ ಎತ್ತಿ ಹಾಕುತ್ತ, ವಯಸ್ಸು ಮರೆತು ಕುಣಿದಾಡಿದಳು. ಶನಿವಾರ ಯಂತ್ರಗಳ ಬಿಸಿ ಆರು ಡಿಗ್ರಿ ಇಳಿದಿತ್ತು.

"ರಿಪೋರ್ಟ್ ಕಳಿಸ್ಬೇಕು" ಎಂದರು ಎಂಜಿನಿಯರ್. "ತಪ್ಪು ಯಾರದು ಅಂತ ಬರೀಲಿ?"

"ನಂದೇ ಅಂತ ಬರೀರಿ. ಕಂಡುಹಿಡಿದೋಳೂ ನಾನೇ ಅಂತ ಬರೀರಿ ಸಾರ್. ಅದನ್ನ ಬಿಟ್ರೆ ನಾನು ಸುಮ್ನಿರಲ್ಲ!"

ಅವರು ಎರಡನ್ನೂ ಬರೆದರು. ತಲೆ ಎತ್ತದೆಯೇ ಕೇಳಿದರು: "ಸೋಮವಾರ ಎಷ್ಟು ಗಂಟೆಗೆ ಔಷಧಿ ಹಾಕ್ತೀರಿ?"

ಸ್ಟೋರ್ ರೂಮು ತಪ್ಪಿತೆಂದು ಲೋಳೆ ಅಕ್ಕನಿಗೆ ಗೊತ್ತಾಯಿತು. "ಸಂಜೆ ಸಾರ್" ಎಂದಳು, "ಸಂಜೆ!"