ಉಳಿದ ನಾಲ್ಕು ನಿಮಿಷ

ರೆಕಾರ್ಡರಿನ ಕೆಂಪು ದೀಪ ಹೊತ್ತಿಕೊಂಡ ಕೂಡಲೇ ನಮ್ಮ ಕಡೆಯ ಜನ ಕನ್ನಡ ಮಾತನಾಡತೊಡಗುತ್ತಾರೆ. ಅದುವರೆಗೆ ತುಳುವಿನಲ್ಲೋ, ಮುಸ್ಲಿಮರಾದರೆ ಬ್ಯಾರಿಯಲ್ಲೋ ಬೈದುಕೊಂಡು, ನಕ್ಕುಕೊಂಡು ಇದ್ದವರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿ, ಶಾಲಾ ವಾರ್ಷಿಕೋತ್ಸವದ ಭಾಷಣಕ್ಕೆ ನಿಂತವರಂತಾಗುತ್ತಾರೆ. ಕಕ್ಕಿಂಜೆಯ ನಿವೃತ್ತ ಬಸ್ ಕಂಡಕ್ಟರೊಬ್ಬರು ಘಾಟಿಯಲ್ಲಿ ಬ್ರೇಕ್ ಹೋದ ಕಥೆಯನ್ನು ಚಹಾ ಕುಡಿಯುತ್ತ ಮೈ ಜುಮ್ಮೆನ್ನುವಂತೆ ಹೇಳಿದ್ದರು. ದೀಪ ಹೊತ್ತಿದ ಮೇಲೆ ಅದೇ ಕಥೆ ‘ಸದರಿ ವಾಹನವು ನಿಯಂತ್ರಣ ತಪ್ಪಿದ ಕಾರಣ’ ಎಂದು ಶುರುವಾಯಿತು. ನಾನು ತಲೆಯಾಡಿಸುತ್ತ ಕುಳಿತಿದ್ದೆ.

ಸಾಮಾನ್ಯ ಜನರ ಬದುಕನ್ನು ಅವರ ದನಿಯಲ್ಲೇ ಉಳಿಸಿಡುವ ಈ ಯೋಜನೆ ಮೂಡುಬಿದಿರೆಯ ನಮ್ಮ ಕಾಲೇಜಿನದು. ಇತಿಹಾಸ ವಿಭಾಗದ ಮುಖ್ಯಸ್ಥರು ಮೀಟಿಂಗಿನಲ್ಲಿ ‘ಯಾರು ಮಾಡ್ತೀರಿ?’ ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಕನ್ನಡ ಅಧ್ಯಾಪಕಿ ಎಂಬುದಕ್ಕಿಂತ, ಬೇಡ ಎನ್ನಲು ಬಾರದವಳು ಎಂಬುದು ಸ್ಟಾಫ್ ರೂಮಿನಲ್ಲಿ ಹೆಚ್ಚು ಪ್ರಸಿದ್ಧವಾದ ಅರ್ಹತೆ. ನಿಯಮಗಳು ಮೂರು: ಹೇಳಿದವರ ಸಹಿ ಬೇಕು, ದನಿಯನ್ನು ಎಲ್ಲಿಯೂ ಕತ್ತರಿಸಬಾರದು, ಎಲ್ಲವನ್ನೂ ಕನ್ನಡದಲ್ಲಿ ಬರೆದು ಒಪ್ಪಿಸಬೇಕು. ಹೊರಟಾಗಲೆಲ್ಲ ನನಗೆ ಬ್ಯಾಟರಿಯ ಚಿಂತೆ, ಫಾರ್ಮಿನ ಚಿಂತೆ, ಎದುರಿಗಿದ್ದವರು ಅತ್ತರೆ ಏನು ಮಾಡುವುದು ಎಂಬ ಚಿಂತೆ. ಅಳದಿದ್ದರೆ ಯೋಜನೆಗೆ ಏನು ಸಿಗುತ್ತದೆ ಎಂಬ ಚಿಂತೆ ಅದರ ಹಿಂದೆಯೇ ಬರುತ್ತಿತ್ತು. ಅದಕ್ಕೆ ನಾಚಿಕೊಳ್ಳುವ ಕೆಲಸ ಬೇರೆ.

ನಮ್ಮ ಕಾಲೇಜಿನ ಲೈಬ್ರರಿಯನ್ ಮೆಲ್ಕಾರಿನ ಬ್ಯಾರಿ ಹೆಂಗಸು, ನಾನೂ ಇರುವುದು ಅಲ್ಲಿಯೇ. ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ಒಂದು ದಿನ ಅವರೇ ಹೇಳಿದರು.

‘‘ನಮ್ಮ ಉಮ್ಮನ ಹತ್ರ ಕೇಳಿ ಟೀಚರೇ. ಗಲ್ಫಿಗೆ ಹೋದವರ ಕಥೆ ಎಲ್ಲರೂ ಬರೀತಾರೆ. ಇಲ್ಲಿ ಉಳಿದವರದ್ದು ಯಾರು ಬರೆಯುವುದು?’’

‘‘ನಿಮ್ಮ ತಂದೆ ಅಲ್ಲಿ ಎಷ್ಟು ವರ್ಷ ಇದ್ದರು?’’

‘‘ಇಪ್ಪತ್ತೆರಡು. ಅಷ್ಟರಲ್ಲಿ ರಜೆಗೆ ಬಂದದ್ದು ಎಂಟು ಸಲ. ನಾನು ಲೆಕ್ಕ ಇಟ್ಟಿದ್ದೆ.’’ ಅವರು ಟಿಕೇಟನ್ನು ಸಣ್ಣದಾಗಿ ಮಡಚುತ್ತಿದ್ದರು. ‘‘ಉಪ್ಪನಿಗೆ ಅಲ್ಲಿಯೇ ಇಷ್ಟ. ಇಷ್ಟ ಇಲ್ಲದಿದ್ದರೆ ಬರ್ತಿದ್ದರು ಅಲ್ವಾ? ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಬಂದವರೆಲ್ಲ ನನ್ನ ಮುಖವನ್ನೇ ನೋಡ್ತಿದ್ದರು ಮಾರಾಯ್ರೆ.’’ ಬಸ್ಸಿನಿಂದ ಇಳಿಯುವಾಗ, ‘‘ಉಮ್ಮ ಹೇಳುವಾಗ ನನ್ನ ವಿಷಯ ಎಲ್ಲಿಯಾದರೂ ಬಂದರೆ ಹೇಳಿ’’ ಎಂದರು.

ಉಮ್ಮ, ಅಂದರೆ ಅವರ ತಾಯಿ, ಈ ಮಗಳ ಜೊತೆಯಲ್ಲೇ ಇರುವವರು. ಮಗಳು ಬಂಧುಗಳ ಮನೆಗೆ ಹೋದ ಒಂದು ಭಾನುವಾರ ನನ್ನನ್ನು ಕರೆಸಿಕೊಂಡರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ನನ್ನ ಜೊತೆ ತುಳುವಿನಲ್ಲಿ ಮಾತಾಡಿದರು. ಕೆಂಪು ದೀಪಕ್ಕೂ ಕನ್ನಡಕ್ಕೆ ತಿರುಗದ ಮೊದಲ ವ್ಯಕ್ತಿ ಅವರು.

‘‘ಆಗ ಕಾಗದ ಬರ್ತಿತ್ತು. ನನಗೆ ಓದಲಿಕ್ಕೆ ಬರುವುದಿಲ್ಲ. ಪಕ್ಕದ ಮನೆಯವಳು ಓದಿ ಹೇಳ್ತಿದ್ದಳು. ಅವಳು ಓದುವಾಗ ಅವಳ ಗಂಡನೇ ಅವಳಿಗೆ ಬರೆದ ಹಾಗೆ ಕೇಳ್ತಿತ್ತು. ಅದಕ್ಕೆ ಕ್ಯಾಸೆಟ್ ಶುರು ಮಾಡಿದ್ದು.’’

ಆ ಕಾಲದಲ್ಲಿ ಈ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೆಯೇ ನಡೆಯುತ್ತಿತ್ತು. ಗಂಡ ಅಲ್ಲಿ ಕ್ಯಾಸೆಟ್ಟಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸುವುದು. ಹೆಂಡತಿ ಕೇಳಿ, ಅದೇ ಕ್ಯಾಸೆಟ್ಟಿನ ಮೇಲೆ ತನ್ನ ಮಾತು ತುಂಬಿಸಿ, ಅತ್ತ ಹೋಗುವವರ ಕೈಗೆ ಕೊಡುವುದು. ಅವನು ಪುನಃ ಅದರ ಮೇಲೆ.

‘‘ಹಳೆಯದು ಅಳಿಸಿ ಹೋಗುವುದಿಲ್ವಾ?’’ ಎಂದೆ. ಸಂರಕ್ಷಣೆಯ ಯೋಜನೆಯವಳಲ್ಲವೇ, ಹೊಟ್ಟೆ ಉರಿಯಿತು.

‘‘ಕೇಳಿ ಆಯ್ತಲ್ಲ! ಮತ್ತೆ ಎಂತಕ್ಕೆ? ಉಂಡ ಬಟ್ಟಲನ್ನು ತೊಳೆಯದೆ ಇಡ್ತೀರಾ ನೀವು?’’

ಹೀಗೆ ಇಪ್ಪತ್ತೆರಡು ವರ್ಷಗಳ ದಾಂಪತ್ಯದ ಮಾತುಗಳೆಲ್ಲ ಒಂದರ ಮೇಲೊಂದು ಕುಳಿತು ಅಳಿಸಿಹೋಗಿದ್ದವು. ಉಳಿದದ್ದು ಒಂದೇ ಕ್ಯಾಸೆಟ್. ಅದನ್ನು ಅವರು ಕಪಾಟಿನಿಂದ ತೆಗೆದು, ಮೊಬೈಲಿಗೆ ಹಾಕಿ ಕೊಡಲು ಹೇಳಿದರು. ಕೇಳುವ ಯಂತ್ರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಕೊಡುವ ಮೊದಲು ಕೈ ಹಿಂದಕ್ಕೆ ಎಳೆದುಕೊಂಡು ಕೇಳಿದರು: ‘‘ಟೀಚರಿಗೆ ನಮ್ಮ ಬ್ಯಾರಿ ಭಾಷೆ ಬರುವುದಿಲ್ಲ ಅಲ್ವಾ?’’

‘‘ಇಲ್ಲ ಇಲ್ಲ’’ ಎಂದೆ. ಊಟಕ್ಕೆ ಕುಳಿತಾಗ ಸಾಕು ಸಾಕು ಎನ್ನುವ ಹಾಗೆ, ಬರೀ ಸಂಕೋಚಕ್ಕೆ. ಹದಿನೆಂಟು ವರ್ಷ ಬ್ಯಾರಿ ನೆರೆಹೊರೆಯವರ ಕಂಪೌಂಡಿಗೆ ಒರಗಿಕೊಂಡು ಬದುಕಿದವಳಿಗೆ ಮಾತಾಡಲು ಬಾರದಿದ್ದರೂ ಅರ್ಥವಾಗದೆ ಇರುತ್ತದೆಯೇ?

‘‘ಅದಕ್ಕೇ ನಿಮಗೆ ಕೊಡುವುದು’’ ಎಂದರು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದರು.

ಬಂಟ್ವಾಳ ಪೇಟೆಯ ರೇಡಿಯೋ ರಿಪೇರಿಯವರಿಂದ ಹಳೆಯ ಟೇಪ್ ರೆಕಾರ್ಡರ್ ತಂದೆ. ನೆರೆಮನೆಗೆ ಕೇಳಬಾರದೆಂದು ಕಿಟಕಿ ಬಾಗಿಲು ಹಾಕಿದೆ, ಸದ್ದಾಗುತ್ತದೆಂದು ಫ್ಯಾನ್ ನಿಲ್ಲಿಸಿದೆ. ಮೇ ತಿಂಗಳ ಮಧ್ಯಾಹ್ನ, ಬೆವರು ಸುರಿಯುತ್ತಿದ್ದರೂ ರೀಲು ಸಿಕ್ಕಿಹಾಕಿಕೊಂಡೀತೆಂಬ ಭಯದಲ್ಲಿ ಯಂತ್ರದ ಮೇಲೆ ಬಗ್ಗಿಯೇ ಕುಳಿತಿದ್ದೆ.

ಮೊದಲು ಉಮ್ಮನ ದನಿ, ಮೂವತ್ತರ ಪ್ರಾಯದ್ದು. ಮೇಸ್ತ್ರಿ ಗೋಡೆ ಓರೆ ಕಟ್ಟಿದ್ದು, ತಾನು ಕೆಡವಿಸಿದ್ದು, ಮಗಳಿಗೆ ಜ್ವರ ಬಿಟ್ಟದ್ದು, ಎಲ್ಲ ಚುರುಕಾಗಿ. ಕೊನೆಗೆ: ಈಗ ಬರುವುದು ಬೇಡ. ಬಂದು ಇಲ್ಲಿ ಎಂತ ಮಾಡ್ತೀರಿ? ಅಲ್ಲಿ ನಿಮಗೆ ಅಭ್ಯಾಸ ಆಗಿದೆ, ಇಲ್ಲಿ ನನಗೆ ಅಭ್ಯಾಸ ಆಗಿದೆ. ಹಾಗೆಯೇ ಇರುವ.

ಟಕ್ಕೆಂದು ಒಂದು ಸದ್ದು. ಅವರ ಮಾತು ಗಂಡನ ಮಾತಿಗಿಂತ ಚಿಕ್ಕದಾಗಿತ್ತು. ಹಾಗಾಗಿ ಅವನು ಅದಕ್ಕೂ ಮೊದಲು ಆಡಿದ್ದರ ಬಾಲ ಅಳಿಸದೆ ಉಳಿದುಬಿಟ್ಟಿತ್ತು. ವಾಕ್ಯದ ನಡುವಿನಿಂದ ಒಬ್ಬ ಗಂಡಸಿನ ದನಿ ಎದ್ದುಬಂತು: ಒಂದೇ ಕೋಣೆಯಲ್ಲಿ ಎಂಟು ಜನ. ಫೋನಿನಲ್ಲಿ ಮಗು ‘ನೀವು ಯಾರು’ ಎಂದು ಕೇಳಿತು, ಆ ದಿನ ಊಟ ಇಳಿಯಲಿಲ್ಲ. ಮೆಲ್ಕಾರಿನಲ್ಲಿ ಸಣ್ಣದೊಂದು ಅಂಗಡಿ ಹಾಕುತ್ತೇನೆ, ಎಂತದ್ದಾದರೂ ಮಾರುತ್ತೇನೆ. ನೀನು ಒಂದು ಮಾತು ಹೇಳು, ನಾನು ಬರುತ್ತೇನೆ. ಆಮೇಲೆ ದನಿ ಬದಲಿಸಿ, ಇದು ಮಗುವಿಗೆ ಕೇಳಿಸು ಎಂದು, ಇಲ್ಲಿ ಕಾಗೆ ಕಡಿಮೆ, ಬೆಳಿಗ್ಗೆ ನಿನ್ನನ್ನು ಎಬ್ಬಿಸುವ ಕಾಗೆಗೆ ನನ್ನ ಸಲಾಂ ಹೇಳು ಎಂದು ಕಾಗೆಯ ಹಾಗೆ ಕೂಗಿ, ತಾನೇ ನಕ್ಕ. ಒಟ್ಟು ನಾಲ್ಕು ನಿಮಿಷ.

ಹೆಂಡತಿಯ ಉತ್ತರ ಕೇಳಿದ ಮೇಲೆ ಅವನು ಈ ಕ್ಯಾಸೆಟ್ಟಿನ ಮೇಲೆ ಮತ್ತೆ ಮಾತಾಡಿರಲಿಲ್ಲ. ಹಾಗೆಯೇ ಇಟ್ಟುಕೊಂಡಿದ್ದ.

ನಾನು ಫ್ಯಾನ್ ಹಾಕುವುದನ್ನೂ ಮರೆತು ಕುಳಿತೆ. ಮಗಳು ಇಷ್ಟು ವರ್ಷ ಅಪ್ಪನ ಮೇಲೆ ಹೊರಿಸಿದ್ದ ಅಪರಾಧ ಅಪ್ಪನದ್ದಲ್ಲ ಎಂಬುದಕ್ಕೆ ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ನನ್ನ ಊಟದ ಮೇಜಿನ ಮೇಲಿತ್ತು. ಅದನ್ನು ಕೊಟ್ಟರೆ ಅಪ್ಪ ಸಿಗುತ್ತಾನೆ, ಉಮ್ಮ ಹೋಗುತ್ತಾಳೆ. ಕೊಡದಿದ್ದರೆ ಅಪ್ಪ ಹಾಗೆಯೇ ತಪ್ಪಿತಸ್ಥ.

ಮೊಬೈಲಿಗೆ ಹಾಕಿಕೊಂಡು ಉಮ್ಮನ ಬಳಿಗೆ ಹೋದೆ. ತನ್ನದೇ ದನಿ ಕೇಳಿದ್ದೇ ಅವರು ಫೋನನ್ನು ಕಿವಿಯಿಂದ ದೂರ ಹಿಡಿದರು, ಬಿಸಿ ಪಾತ್ರೆ ಹಿಡಿದ ಹಾಗೆ. ಗಂಡನ ದನಿ ಬಂದಾಗ ಹತ್ತಿರ ತಂದುಕೊಂಡರು. ಪೂರ್ತಿ ಕೇಳಿದರು.

‘‘ಈ ಹೆಂಗಸನ್ನು ತೆಗೀರಿ ಟೀಚರೇ. ಅವರದ್ದು ಮಾತ್ರ ಇರಲಿ. ಆಮೇಲೆ ಮಗಳಿಗೆ ಕೊಡುವ.’’

ನಿಯಮದ ಪ್ರಕಾರ ಕತ್ತರಿಸಬಾರದು ಎನ್ನಬೇಕಿತ್ತು. ಆದರೆ ಬೇರೆಯವರ ಚಿಂತೆಯನ್ನು ಅವರಿಗಿಂತ ಮೊದಲೇ ಮಾಡುವ ಚಾಳಿ ನನ್ನದು. ಬಾಯಿಂದ ಬಂದದ್ದು: ‘‘ಆದರೆ ನಿಮ್ಮದನ್ನು ತೆಗೆದರೂ, ಒಂದು ಮಾತು ಹೇಳು ಬರ್ತೇನೆ ಅಂತ ಅವರು ಹೇಳಿದ್ದು ಉಳೀತದಲ್ಲ?’’

ಹೇಳಿದ ಮೇಲೆ ನನಗೇ ಕೇಳಿಸಿತು.

ಅವರು ಫೋನನ್ನು ಮೇಜಿನ ಮೇಲೆ ಇಟ್ಟರು. ‘‘ಭಾಷೆ ಬರುವುದಿಲ್ಲ ಅಂದಿರಿ.’’

‘‘ಸ್ವಲ್ಪ... ಸ್ವಲ್ಪ ಅರ್ಥ ಆಗ್ತದೆ.’’

‘‘ಕಾಗೆಯದ್ದೂ ಅರ್ಥ ಆಯ್ತಾ?’’ ಎಂದರು. ನಗಬೇಕೋ ಬೇಡವೋ ತಿಳಿಯದೆ ನಾನು ಫಾರ್ಮನ್ನು ಮಡಚಿ ಬಿಚ್ಚಿ ಮಾಡುತ್ತಿದ್ದೆ. ಎದ್ದುಹೋಗುವ ಎಂದರೆ ಬಾಗಿಲು ಅವರ ಬೆನ್ನ ಹಿಂದೆ ಇತ್ತು.

‘‘ಆಗ ಬ್ಯಾಂಕಿಗೆ ಹೋಗ್ತಿದ್ದದ್ದು ನಾನು’’ ಎಂದು ಅವರೇ ಶುರುಮಾಡಿದರು. ‘‘ಈ ಮನೆ ನಿಲ್ಲಿಸಿದ್ದು ನಾನು. ಮೇಸ್ತ್ರಿ ನನಗೆ ಹೆದರ್ತಿದ್ದ. ಅವರು ರಜೆಯಲ್ಲಿ ಬಂದರೆ ಎರಡು ತಿಂಗಳು ಎಲ್ಲರೂ ಅವರನ್ನೇ ಕೇಳುವುದು. ನಾನು ಪುನಃ ಅಡುಗೆಕೋಣೆ. ಒಳ್ಳೆಯ ಮನುಷ್ಯ, ಒಂದು ದಿನ ಬೈದವರಲ್ಲ. ಆದರೂ ವಿಮಾನ ಹೋದ ದಿನ ನನಗೆ ಉಸಿರು ಬರ್ತಿತ್ತು ಟೀಚರೇ. ಇದನ್ನು ಯಾರ ಹತ್ರ ಹೇಳುವುದು?’’

‘‘ಅವರು ಬಂದ ಮೇಲೆ ಕೇಳಲಿಲ್ವಾ?’’

‘‘ಒಂದು ದಿನವೂ ಇಲ್ಲ. ಕೊನೆಗೆ ಗಲ್ಫ್ ಪೂರ್ತಿ ಬಿಟ್ಟು ಬಂದಾಗ ಆ ಕ್ಯಾಸೆಟನ್ನು ನನ್ನ ಬಟ್ಟೆಯ ಅಡಿಯಲ್ಲಿ ಇಟ್ಟರು. ಅಷ್ಟೇ. ಬೈದಿದ್ದರೆ ನಾನೂ ಎರಡು ಬೈದು ಮುಗಿಸ್ತಿದ್ದೆ.’’

ಆಗ ನನಗೆ ಹೊಳೆದದ್ದು, ಬಂದಾಗ ಅಭ್ಯಾಸಬಲದಿಂದ ಹಚ್ಚಿಟ್ಟ ರೆಕಾರ್ಡರ್ ಮೇಜಿನ ಮೇಲೆ ಆನ್ ಆಗಿಯೇ ಇದೆ ಎಂಬುದು. ಅವರಿಗೂ ಅದು ಗೊತ್ತಿತ್ತು. ‘‘ಇರಲಿ’’ ಎಂದರು. ‘‘ಇದೂ ಆ ಕ್ಯಾಸೆಟ್ಟೂ ನಿಮ್ಮಲ್ಲಿಯೇ ಇರಲಿ. ಕಾಲೇಜಿಗೆ ಬೇಡ. ಮಗಳಿಗೆ ನಾನು ಹೋದ ಮೇಲೆ. ಈಗ ಕೊಟ್ಟರೆ ಅವಳು ನನಗೆ ಚಹಾ ಕೊಡ್ತಾಳೆ, ಮಾತು ಕೊಡುವುದಿಲ್ಲ. ನನಗೆ ಅಂಥ ಮನೆ ಬೇಡ.’’

‘‘ಆಗಲಿ’’ ಎಂದೆ, ಹೀಗೆ ನಾನು ಸಿಕ್ಕಿಕೊಂಡೆ. ಕಾಲೇಜಿನ ಫಾರ್ಮಿನಲ್ಲಿ ‘ಧ್ವನಿ ಅಸ್ಪಷ್ಟ’ ಎಂದು ಬರೆದೆ. ಮುಖ್ಯಸ್ಥರು, ‘‘ನಿಮಗೆ ಸಿಕ್ಕಿದ್ದೆಲ್ಲ ಅಸ್ಪಷ್ಟವೇ’’ ಎಂದರು. ಅದನ್ನು ಸಹಿಸಬಹುದಿತ್ತು. ಬಸ್ಸಿನಲ್ಲಿ ಮಗಳು ಪಕ್ಕದಲ್ಲೇ ಬಂದು ಕೂತು, ಉಮ್ಮ ಎಂತ ಹೇಳಿದರು ಎಂದು ಕೇಳುವುದನ್ನು ಮಾತ್ರ ಸಹಿಸಲಾಗಲಿಲ್ಲ. ಎರಡು ವಾರ ತಲೆನೋವು ಎಂದೆ, ಮೂರನೆಯ ವಾರ ಫೈಲು ಮನೆಯಲ್ಲಿ ಉಂಟು ಎಂದೆ. ಅವರು ನಂಬಿ, ತಲೆನೋವಿಗೆ ಮುಲಾಮು ತಂದುಕೊಟ್ಟರು. ಆ ಮುಲಾಮೇ ನನ್ನನ್ನು ಮುರಿದದ್ದು. ಕೊನೆಯ ಮುಕ್ಕಾಲು ನಿಮಿಷ, ಕಾಗೆಯದ್ದು ಮಾತ್ರ, ಕತ್ತರಿಸಿ ಅವರ ಮೊಬೈಲಿಗೆ ಕಳಿಸಿದೆ. ನಿಮ್ಮ ಉಪ್ಪನ ಹಳೆಯ ಕ್ಯಾಸೆಟ್ಟಿನಲ್ಲಿ ಇಷ್ಟೇ ಉಳಿದಿದೆ, ಹಿಂದಿನದು ಅಳಿಸಿದೆ ಎಂದು ಬರೆದೆ. ಮೂರು ನಿಯಮಗಳಲ್ಲಿ ಎರಡನ್ನು ಮುರಿದಿದ್ದೆ, ಉಮ್ಮನಿಗೆ ಕೊಟ್ಟ ಮಾತಿನಲ್ಲಿ ಕಾಲು ಭಾಗವನ್ನು. ಉಳಿದ ಮುಕ್ಕಾಲಾದರೂ ಸೇಫ್ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಸಂಜೆ ಅವರು ನನ್ನನ್ನು ಕಿಟಕಿಯ ಕಡೆಗೆ ಸರಿಸಿ ಕುಳಿತರು. ಒಂದು ಕಿವಿಯಲ್ಲಿ ಇಯರ್‌ಫೋನ್. ಸಿದ್ಧಕಟ್ಟೆ ಬರುವವರೆಗೆ ಅದನ್ನೇ ಮತ್ತೆ ಮತ್ತೆ ಕೇಳಿದರು. ಕಣ್ಣು ಒರೆಸಿಕೊಂಡರು, ನಕ್ಕರು, ಪುನಃ ಕೇಳಿದರು. ನಾನು ಹೊರಗೆ ನೋಡುತ್ತಿದ್ದೆ. ಮನಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ಸ್ವಲ್ಪ ತಟ್ಟಿಕೊಂಡೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಆಮೇಲೆ ಅವರು ಇಯರ್‌ಫೋನ್ ತೆಗೆದು ಕೈಯಲ್ಲಿ ಸುತ್ತಿಕೊಂಡರು.

‘‘ಇಷ್ಟು ಪ್ರೀತಿ ಇದ್ದವರು ಮತ್ತೆ ಯಾಕೆ ಅಷ್ಟು ವರ್ಷ ಬರಲಿಲ್ಲ ಟೀಚರೇ?’’

ಮೊದಲು ಅವರ ಬಳಿ ಉತ್ತರವಾದರೂ ಇತ್ತು, ಅಪ್ಪನಿಗೆ ಅಲ್ಲಿಯೇ ಇಷ್ಟ ಎಂದು. ತಪ್ಪು ಉತ್ತರವೇ ಆದರೂ ಅದರ ಮೇಲೆ ಅವರು ಇಷ್ಟು ವರ್ಷ ನಿಂತಿದ್ದರು. ಅದನ್ನು ನಾನು ಮುಕ್ಕಾಲು ನಿಮಿಷದಲ್ಲಿ ಕಿತ್ತುಕೊಂಡಿದ್ದೆ, ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ.

‘‘ಗೊತ್ತಿಲ್ಲ’’ ಎಂದೆ.

‘‘ಉಮ್ಮನ ಹತ್ರ ಕೇಳ್ತೇನೆ ಇವತ್ತು’’ ಎಂದರು. ಬಸ್ಸು ತುಂಬಿತ್ತು, ಅವರು ಹೊರಗಿನ ಸೀಟಿನಲ್ಲಿದ್ದರು, ಮೆಲ್ಕಾರಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.