ಬಚ್ಚಲ ಚಿಲಕ, ವಿಮಾನದ ಬುಕ್ಕು ಮತ್ತ ನಾ ಹಾಕದ ಸಹಿ

ನಮ್ಮತ್ತಿ ಬಿಸಿನೀರಿನ ಕೊಡ ಹಿಡಕೊಂಡು ಬಚ್ಚಲ ಬಾಗಲಾ ದೂಡಿದ್ರು. ಒಳಗ ಮುಂಬೈದಿಂದ ಬಂದ ಕ್ಯಾಪ್ಟನ್ ಸಾಹೇಬ್ರು ಮೈತುಂಬ ಸಾಬೂನ ಹಚ್ಕೊಂಡು ಕುಂತಿದ್ರು!

"ಯವ್ವಾ ನನ್ನವ್ವಾ!" ಅಂತ ಅತ್ತಿ ಕೊಡ ಅಲ್ಲೇ ಬಿಟ್ಟು ಓಡಿ ಬಂದ್ರು. ಒಳಗ ಸಾಹೇಬ್ರು ಇಂಗ್ಲಿಷಿನ್ಯಾಗ ಏನೋ ಒದರಾಕ ಹತ್ತಿದ್ರು.

ಖರೆ ಅಂದ್ರ ಇಬ್ಬರದೂ ತಪ್ಪಿಲ್ಲ. ನಮ್ಮ ಬಚ್ಚಲ ಚಿಲಕ ಮುರದಿತ್ತು, ಒಳಗ ಇದ್ದವ್ರು ಹಾಡ್ತಾ ಇರಬೇಕು ಅಂತ ರೂಲು. ಬಾಗಲಕ್ಕ ಚೀಟೀನೂ ಅಂಟಿಸಿತ್ತು. ಪಾಪ, ಚೀಟಿ ಕನ್ನಡದಾಗಿತ್ತು...

ಆ ರೂಲು ಮಾಡಿದವ್ರು ನಮ್ಮ ಯಜಮಾನ್ರು.

ಎಪ್ಪತ್ತರ ದಶಕದ ಕಡೀ ಕಡೀ ಮಾತಿದು. ನಾ ಇಳಕಲ್ಲಿನ ಹುಡುಗಿ, ನನ್ನ ಕೊಟ್ಟಿದ್ದು ಬಾಗಲಕೋಟಿ ವಿದ್ಯಾಗಿರಿಗೆ. ಯಜಮಾನ್ರು ಮುಂಬೈದಾಗ ವಿಮಾನದ ಕೋ-ಪೈಲಟ್. ಅವರು ಅಲ್ಲಿ, ನಾ ಇಲ್ಲಿ ಅತ್ತಿ ಜೋಡಿ. ಮೂರ್ನಾಕು ತಿಂಗಳಿಗೊಮ್ಮೆ ರಜಾ ಹಾಕಿ ಬರ್ತಿದ್ರು.

ಬಂದ್ರ ಸಾಕು, ನಳ ಕೆಟ್ಟೈತ್ರಿ, ಸ್ಟೋವ್ ಹತ್ತೂದಿಲ್ರಿ ಅಂತ ನಂದು ಶುರು ಆಗ್ತಿತ್ತು. ಕೇಳಿ ಕೇಳಿ ಸಾಕಾಗಿ ಒಂದು ದಪ್ಪ ಬುಕ್ಕು ತಂದು, ಗೀಟು ಹೊಡದು ಕಾಲಂ ಮಾಡಿ, ಅಡಿಗಿಮನಿ ಗೋಡಿಗೆ ತೂಗಹಾಕಿದ್ರು.

ವಿಮಾನದಾಗ ಹಿಂತಾದ್ದ ಒಂದು ಲಾಗ್ ಬುಕ್ ಇರ್ತೈತಂತ. ಏನರ ಕೆಟ್ರ ಪೈಲಟ್ ಅದರಾಗ ಬರೀತಾನ, ಎಂಜಿನಿಯರ್ ರಿಪೇರಿ ಮಾಡಿ ಸಹಿ ಹಾಕ್ತಾನ.

ಆದ್ರ ಕೆಲವು ಸಾಮಾನು ಕೆಟ್ರೂ ಹಾರಬಹುದಂತ. ಅಂಥಾದ್ದರದೊಂದು ಪಟ್ಟಿ ಇರ್ತೈತಿ. ಅದರಾಗ ಇದ್ರ ರಿಪೇರಿ ಮುಂದಕ್ಕ ಹಾಕಿ, ಕೆಟ್ಟೈತಿ ಅಂತ ಚೀಟಿ ಅಂಟಿಸಿ, ಅಲ್ಲೀತನಾ ಹೆಂಗ ಸಂಭಾಳಿಸಬೇಕು ಅಂತ ಬರೀತಾರ. ಕಡೀಗೆ ಕ್ಯಾಪ್ಟನ್ ಒಪ್ಪಿ ಸಹಿ ಹಾಕಿದ ಮ್ಯಾಲೆ ವಿಮಾನ ಏಳ್ತೈತಿ.

"ಈ ಮನಿಗೆ ನೀನ ಕ್ಯಾಪ್ಟನ್, ನಾ ಎಂಜಿನಿಯರ್" ಅಂದ್ರು. ಕ್ಯಾಪ್ಟನ್ ಅಂದಿದ್ದಕ್ಕ ನಾ ಹುಚ್ಚಿ ಉಬ್ಬಿಹೋದೆ ನೋಡ್ರಿ!

ಸ್ಟೋವಿನ ವಾಸರ್ ಹೋಗೈತಿ ಅಂತ ನಾ ಬರದೆ. ಅವರು ಬರದ್ರು: ಮುಂದಿನ ರಜಾಕ್ಕ. ಒಲಿ ಎರಡು ಅದಾವ, ಒಂದು ಕೆಟ್ರ ನಡೀತೈತಿ. ಅಲ್ಲೀತನಾ ಕಟ್ಟಿಗಿ ಒಲಿ ಹಚ್ಚೂದು.

ನಳ ಕೆಟ್ಟೈತಿ ಅಂದ್ರ, ಬಾವಿ ನೀರು ಸೇದೂದು. ಚಿಲಕ ಮುರದೈತಿ ಅಂದ್ರ, ಒಳಗಿದ್ದವ್ರು ಹಾಡೂದು.

ಮುಂದಕ್ಕ ಹಾಕಾವ್ರು ಅವರು, ಹೊಗಿ ಕುಡಿಯಾಕಿ ನಾನು. ಅತ್ತಿಗೆ ಹಾಡಾಕ ಬರ್ತಿರಲಿಲ್ಲ, ಬಚ್ಚಲದಾಗ ಕುಂತು ಓಣಿ ಮಂದೀನ್ನ ಒಬ್ಬೊಬ್ಬರನ್ನಾಗಿ ಬೈತಿದ್ರು. ಅದೂ ನಡೀತಿತ್ತು.

ಒಂದಿನ ಸಿಟ್ಟು ನೆತ್ತಿಗೇರಿತು. ದೊಡ್ಡ ದೊಡ್ಡ ಅಕ್ಷರದಾಗ ಬರದೆ: "ಗಂಡ ಮನ್ಯಾಗ ಇಲ್ಲ. ನನ್ನೂ ಮುಂಬೈಗೆ ಕರಕೊಂಡು ಹೋಗ್ರಿ."

ಆ ಪುಣ್ಯಾತ್ಮರು ಅದಕ್ಕೂ ತಣ್ಣಗ ಪೆನ್ನು ತಗೊಂಡು ಬರದ್ರು: ಮುಂದಿನ ರಜಾಕ್ಕ. ಅಲ್ಲೀತನಾ ವಾರಕ್ಕೊಂದು ಪತ್ರ.

ಅವತ್ತು ಒಲಿ ಮುಂದ ಕುಂತು ಭಾಳ ಅತ್ತಬಿಟ್ಟೆ. ಹೊಗಿ ಹತ್ತಿ ಕಣ್ಣಾಗ ನೀರು ಬಂದಾವ ಅಂತ ಎಲ್ಲಾರೂ ತಿಳಕೊಂಡ್ರು. ಹಿಂಗ ಮೂರು ರಜಾ ಹೋದ್ವು.

ನಾಕನೇ ರಜಾದಾಗ ಈ ಸಾಹೇಬ್ರು ಬಂದಿದ್ದು. ಯಜಮಾನ್ರಿಗಿಂತ ದೊಡ್ಡ ಹುದ್ದೇದವ್ರು. ಬಾದಾಮಿ ಗುಹಾ ನೋಡಾಕ ಬಂದಾವ್ರು ನಮ್ಮನ್ಯಾಗ ಇಳಕೊಂಡಿದ್ರು.

ಬಚ್ಚಲದ ಪ್ರಸಂಗ ಆದ ಮ್ಯಾಲೆ ನಮ್ಮತ್ತಿ ನಾಚಿ ಬಾಗಲಾ ಸಂದ್ಯಾಗ ಸೇರಿದವ್ರು ಹೊರಗ ಬರವಲ್ರು. ಸಾಹೇಬ್ರು ರೊಟ್ಟಿ ಮುರೀತಾ ಆ ಚೀಟಿ ಏನು ಅಂತ ಕೇಳಿದ್ರು. ಯಜಮಾನ್ರು ಹೆಮ್ಮಿಲೆ ಬುಕ್ಕು ತಂದು ತೋರಿಸಿದ್ರು.

ಸಾಹೇಬ್ರಿಗೆ ಕನ್ನಡ ಓದಾಕ ಬರ್ತಿರಲಿಲ್ಲ. ಆದ್ರ ಕಾಲಂ ಗುರುತು ಸಿಕ್ತು. ಒಂದೊಂದ ಹಾಳಿ ತಿರುವಿದ್ರು. ಕ್ಯಾಪ್ಟನ್ ಸಹಿ ಹಾಕೂ ಕಡೀ ಕಾಲಂ ಪೂರಾ ಖಾಲಿ!

ಇಲ್ಲೆ ಕ್ಯಾಪ್ಟನ್ ಯಾರು ಅಂದ್ರು. ಯಜಮಾನ್ರು ನಗ್ತಾ ನನ್ನ ಕಡೆ ಕೈ ಮಾಡಿದ್ರು.

ಈಕಿ ಒಂದಕ್ಕೂ ಸಹಿ ಹಾಕಿಲ್ಲ, ಮತ್ತ ಈ ವಿಮಾನ ಹೆಂಗ ಹಾರಾಕ ಹತ್ತೈತಿ? ಪಟ್ಟಿ ಏನ ಹೇಳ್ಲಿ, ಕ್ಯಾಪ್ಟನ್ ಒಲ್ಲೆ ಅಂದ್ರ ಒಲ್ಲೆ, ಅಲ್ಲೇನು ಅಂತ ಸಾಹೇಬ್ರು ಇಂಗ್ಲಿಷಿನ್ಯಾಗ ಕೇಳಿದ್ರು.

ಇದನ್ನೆಲ್ಲಾ ನನಗ ಕನ್ನಡದಾಗ ಹೇಳಬೇಕಾದವ್ರು ಮತ್ತ ನಮ್ಮ ಯಜಮಾನ್ರ! ಉಗುಳು ನುಂಗಿ ನುಂಗಿ ಹೇಳಿದ್ರು. ಆ ಮಾರಿ ನೀವು ನೋಡಬೇಕಿತ್ತು.

ಸಾಹೇಬ್ರು ತಮ್ಮ ಪೆನ್ನು ತಗದು ನನ್ನ ಕೈಗೆ ಕೊಟ್ರು.

ಸ್ಟೋವ್, ನಳ, ಚಿಲಕ... ಹೋಗ್ಲಿ ಬಿಡು ಅಂತ ಮೂರಕ್ಕೂ ಸಹಿ ಹಾಕಿದೆ. ದೊಡ್ಡ ಅಕ್ಷರದ ಹಾಳಿ ಬಂತು.

"ಇದು ನಡ್ಯೂದಿಲ್ರಿ" ಅಂದು ಪೆನ್ನು ಕೆಳಗ ಇಟ್ಟೆ.

"ಅಲ್ಲಿ ಒಂದ ಖೋಲಿ ಐತಿ, ಹೆಂಗ ಇರ್ತೀ?" ಅಂದ್ರು ಯಜಮಾನ್ರು.

"ಇಬ್ಬರಿಗೆ ಎಷ್ಟು ಬೇಕ್ರಿ?" ಅಂದೆ. "ಇಲ್ಲಿ ನಾಕು ಖೋಲಿ ಅದಾವ. ನೀವ ಇಲ್ಲ."

ಆಗ ಬಾಗಲಾ ಸಂದ್ಯಾಗಿಂದ ನಮ್ಮತ್ತಿ ದನಿ ಬಂತು. "ಕರಕೊಂಡು ಹೋಗೋ ಬಾಡ್ಯಾ! ಹುನಗುಂದದಾಗ ನನ್ನ ತಂಗಿ ಅದಾಳ, ಆಕೀನ್ನ ಕರಸ್ಕೋತೇನಿ. ಆ ಹುಡುಗಿ ಒಲಿ ಮುಂದ ಯಾಕ ಅಳ್ತಾಳಂತ ನನಗ ಗೊತ್ತಿಲ್ಲೇನು?"

ಗೊತ್ತಿತ್ತು! ಅಷ್ಟು ದಿನ ಅವರಿಗೆ ಗೊತ್ತಿತ್ತು...

ಯಜಮಾನ್ರು ಹಳೇದೆಲ್ಲಾ ಕಾಟು ಹೊಡದು ಬರದ್ರು: ಸೋಮವಾರ, ಎರಡು ಟಿಕೆಟ್. ನಾ ಸಹಿ ಹಾಕಿದೆ.

ಸೋಮವಾರ ಸ್ಟೇಶನ್ನಿಗೆ ಅತ್ತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಕೊಂಡು ಬಂದಿದ್ರು. ಗಾಡಿ ಹೊಂಟಾಗ ಕಿಡಕಿಯೊಳಗಿಂದ ನನ್ನ ಕೈ ಹಿಡಕೊಂಡು ಎರಡು ಹೆಜ್ಜಿ ನಡದ್ರು, ಆಮ್ಯಾಲೆ ಬಿಟ್ರು.

ಯಜಮಾನ್ರು ಆರಾಮ ಕುಂತಿದ್ರು. ಹೋಗಬೇಕು ಹೋಗಬೇಕು ಅಂತ ವರ್ಷಪೂರ್ತಿ ಹಟಾ ಹಿಡದಾಕಿ ನಾನು, ಗಾಡಿ ಬದಲಿ ಮಾಡೂತನಾ ಹಿಚಕಿ ಹತ್ತಿ ಅತ್ತಾಕೀನೂ ನಾನ.

ಭಾಳ ದಿನ ಬೇಡಿದ್ದು ಕೈಗೆ ಸಿಕ್ಕ ದಿನಾನ ನಿಮಗೂ ಹಿಂಗ ಅಳು ಬಂದೈತೇನ್ರಿ?